ನಿಯಮದ ಅಕ್ಷರವೂ ಉದ್ದೇಶವೂ

ಸೊಪ್ಪಿನ ಬೆಟ್ಟವು ಅಡಕೆಯ ತೋಟಕ್ಕೆ ಸೊಪ್ಪು, ತರಗೆಲೆಗಳನ್ನು ತರಲೆಂದು ಕೊಟ್ಟ ಸವಲತ್ತೇ ಹೊರತು ಭೂಮಿಯ ಒಡೆತನವಲ್ಲವೆಂಬುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವಾಚಕರು ಬಲ್ಲರು. ನಿಯಮದ ಅಕ್ಷರವನ್ನು ಅದರ ಉದ್ದೇಶದೊಡನೆ ಓದದಿದ್ದರೆ ವ್ಯಾಜ್ಯವು ತಪ್ಪದು. ಮೋಟಾರು ಪಂದ್ಯದಲ್ಲಿಯೂ ೨೦೦೯ರಲ್ಲಿ ಇಂತಹುದೇ ವ್ಯಾಜ್ಯವು ನಡೆಯಿತು.

ಕಾರನ್ನು ನೆಲಕ್ಕೆ ಒತ್ತುವ ಗಾಳಿಯ ಬಲವನ್ನು ತಗ್ಗಿಸಿ, ಒಬ್ಬನು ಇನ್ನೊಬ್ಬನನ್ನು ಹಿಂದೆ ಹಾಕುವುದನ್ನು ಸುಲಭಗೊಳಿಸುವುದೇ ಆ ವರುಷದ ಫಾರ್ಮುಲಾ ಒನ್ ನಿಯಮಗಳ ಉದ್ದೇಶವಾಗಿತ್ತು. ಬ್ರಾನ್, ಟೊಯೋಟಾ, ವಿಲಿಯಮ್ಸ್ ತಂಡಗಳು ಕಾರಿನ ತಳದ ನಿಯಮದಲ್ಲಿ ಒಂದು ಸಂದನ್ನು ಕಂಡು, ಅಲ್ಲಿಂದ ಗಾಳಿಯನ್ನು ಹಾಯಿಸಿ, ಕಳೆದ ಬಲವನ್ನು ಮರಳಿ ಪಡೆದವು. ಫೆರಾರಿ, ರೆನೊ, ರೆಡ್ ಬುಲ್, ಬಿಎಂಡಬ್ಲ್ಯು ತಂಡಗಳ ಮೇಲ್ಮನವಿಯನ್ನು ನ್ಯಾಯಮಂಡಲವು ಏಪ್ರಿಲ್ ೧೫ರಂದು ತಳ್ಳಿಹಾಕಿತು. ಬ್ರಾನ್ ತಂಡವು ಆ ವರುಷದ ಪ್ರಶಸ್ತಿಯನ್ನು ಗೆದ್ದಿತು. ಬೆಂಗಳೂರಿನ ವಿಜಯ ಮಲ್ಯರ ಫೋರ್ಸ್ ಇಂಡಿಯಾ ತಂಡವೂ ಅದೇ ಉಪಾಯವನ್ನು ಅನುಸರಿಸಿತು. ೨೦೧೧ರಿಂದ ಅದು ನಿಷಿದ್ಧವಾಯಿತು.

ಆದರೆ ನಿಯಮಗಳನ್ನು ಬಿಗಿಗೊಳಿಸೋಣವೆಂದು ರಾಸ್ ಬ್ರಾನ್ ಅವರು ೨೦೦೮ರಲ್ಲಿಯೇ ಸೂಚಿಸಿದ್ದರು. ಇತರ ತಂಡಗಳು ಒಪ್ಪಿರಲಿಲ್ಲ. ಸಂದಿನಲ್ಲಿ ನುಸುಳಿದವನನ್ನು ದೂರುವುದು ಸುಲಭ. ಅದನ್ನು ಮುಚ್ಚುವ ಸಮಯದಲ್ಲಿ ಒಲ್ಲೆವೆಂದವರ ಹೊಣೆಯೇನು? ಕ್ರೀಡೆಯಾಗಲಿ, ಕಂದಾಯವಾಗಲಿ, ನಿಯಮವನ್ನು ಬರೆಯುವವರು ಅದರ ಉದ್ದೇಶವನ್ನೂ ಸ್ಪಷ್ಟವಾಗಿ ಬರೆಯತಕ್ಕದ್ದು; ದೋಷವು ಕಂಡಾಗ ಸ್ವಪಕ್ಷದ ಲಾಭವನ್ನೆಣಿಸದೆ ತಿದ್ದತಕ್ಕದ್ದು.