ಡ್ಯಾನಿ ಈಗ ಏನು ಮಾಡಬೇಕು? ನಿಮ್ಮ ಮಗುವೇ ಹೇಳಲಿ

ಕಥೆ ನಡುವೆ ನಿಂತುಬಿಡುತ್ತೆ. ಡ್ಯಾನಿಗೆ ಸಿಟ್ಟು ಬಂದಿದೆ. ರಂಪ ಮಾಡಬೇಕಾ, ಸಮಾಧಾನವಾಗಿ ಇರಬೇಕಾ? ತೀರ್ಮಾನ ಕಥೆ ಕೇಳ್ತಿರೋ ಮಗುವಿನದ್ದು. ಅದು ಹೇಳಿದ ಪುಟಕ್ಕೆ ಹೋದರೆ ಕಥೆ ಆ ದಾರಿ ಹಿಡಿಯುತ್ತೆ.

'ವಾಟ್ ಶುಡ್ ಡ್ಯಾನಿ ಡೂ?' ಅಮೆರಿಕದ ಅದೀರ್ ಮತ್ತು ಗನಿತ್ ಲೆವಿ ದಂಪತಿ ಬರೆದು, 2017ರಲ್ಲಿ ಬಂದ ಚಿತ್ರಪುಸ್ತಕ. ಚಿತ್ರಗಳು ಮ್ಯಾಟ್ ಸ್ಯಾಡ್ಲರ್ ಅವರದು. ಒಂದೇ ದಿನದ ಕಥೆ, ಆದರೆ ಮುಕ್ತಾಯಗಳು 9!

ಇದನ್ನ ಮೆಚ್ಚೋ ಅಪ್ಪ–ಅಮ್ಮಂದಿರ ಮಾತು ಸರಳ: ಬೈಯದೆ, ಬುದ್ಧಿ ಹೇಳದೆ ಮಾತು ಶುರು ಮಾಡೋಕೆ ಒಂದು ನೆಪ ಸಿಗುತ್ತೆ. ಮಕ್ಕಳು ಕಿತ್ತಾಡುವಾಗ 'ಡ್ಯಾನಿ ಆಗಿದ್ರೆ?' ಅಂತ ಕೇಳಬಹುದು.

ಇನ್ನು ಕೆಲವರಿಗೆ ಬೇಸರ. ಮಗು ಬೇಕಂತಲೇ ತಪ್ಪು ದಾರಿ ಆರಿಸಿ ಕಿಲಕಿಲ ನಗುತ್ತಂತೆ. ನಗಲಿ ಬಿಡಿ! ನನಗೆ ಪುಸ್ತಕದ ನಿಜವಾದ ಬಲ ಕಾಣೋದೇ ಅಲ್ಲಿ. ಡ್ಯಾನಿ ಪೇಚಿಗೆ ಸಿಲುಕೋದನ್ನ ಮಗು ಮಡಿಲಲ್ಲಿ ಕೂತು ನೋಡುತ್ತೆ. ಯಾರಿಗೂ ನೋವಿಲ್ಲ. ಪುಟ ತಿರುಗಿಸಿದರೆ ಇನ್ನೊಂದು ದಾರಿ ಕಾದಿರುತ್ತೆ.

ಆದರೆ ಇನ್ನೊಂದು ದೂರು ನ್ಯಾಯವಾದದ್ದು. ಇಲ್ಲಿ ಸರಿ–ತಪ್ಪು ತೀರಾ ಸ್ಪಷ್ಟ. ಒಳ್ಳೆಯದು ಮಾಡಿದ್ರೆ ಒಳ್ಳೆಯದೇ ಆಗುತ್ತೆ ಅನ್ನೋ ಲೆಕ್ಕ. ನಿಜದಲ್ಲಿ ಆಟಿಕೆ ಹಂಚಿಕೊಂಡ ಮಗುವಿಗೆ ಆ ಆಟಿಕೆ ಮುರಿದು ವಾಪಸ್ ಬರಬಹುದು. ಆ ಮಾತು ಪುಸ್ತಕದಲ್ಲಿಲ್ಲ, ನೀವೇ ಆಡಬೇಕು.

ಹಾಗಾಗಿ ಎಲ್ಲ ಮುಕ್ತಾಯಗಳನ್ನೂ ಒಂದೇ ರಾತ್ರಿ ಓದಬೇಡಿ. ಒಂದು ದಾರಿ ಓದಿ, ನಿಲ್ಲಿಸಿ, 'ಯಾಕೆ ಇದನ್ನೇ ಆರಿಸಿದೆ ಪುಟ್ಟಾ?' ಅಂತ ಕೇಳಿ. ಉತ್ತರ ಬರೋವರೆಗೂ ನೀವು ಉತ್ತರ ಹೇಳಬೇಡಿ.