ಕುಳಿತು ದುಡಿಯುವವರಿಗೆ ಎಂಥ ಕುರ್ಚಿ?

ಕುರ್ಚಿ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಚುನಾವಣೆ, ಅಧಿಕಾರ, ಮಂತ್ರಿ ಪದವಿ. ಕುರ್ಚಿಗಾಗಿ ಕಚ್ಚಾಡುವವರ ಸುದ್ದಿಯನ್ನು ದಿನವೂ ಓದುತ್ತೇವೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಕುರ್ಚಿಯ ಮೇಲೆ ಕುಳಿತು ದುಡಿಯುವವರ ಬೆನ್ನಿಗೆ ಏನಾಗುತ್ತದೆ ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಇಂದು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ನಾಳೆ ಕಂಪ್ಯೂಟರಿನ ಮುಂದೆ ಕುಳಿತೇ ಅನ್ನ ಸಂಪಾದಿಸಬೇಕಾಗಿದೆ. ಪರೀಕ್ಷೆಯ ತಯಾರಿಗೆಂದು ದಿನಕ್ಕೆ ಎಂಟು ಹತ್ತು ಗಂಟೆ ಕೂರುವವರು ಈಗಾಗಲೇ ಆ ಕೆಲಸವನ್ನು ಆರಂಭಿಸಿಬಿಟ್ಟಿದ್ದಾರೆ. ಮಾತುಕತೆಯ ಕಾರ್ಯಕ್ರಮದಲ್ಲಿ ಸಮಯದ ಮಿತಿಯಿಂದಾಗಿ ಹೇಳಲಾಗದ ಕೆಲವು ವಿವರಗಳನ್ನು ಇಲ್ಲಿ ಕೊಡಲಾಗಿದೆ.

ಕುರ್ಚಿ ಎಂಬ ಮಾತು ಅರಬ್ಬಿಯ ‘ಕುರ್ಸಿ’ಯಿಂದ ಬಂದದ್ದು. ನಮ್ಮ ಹಳೆಯ ಮನೆಗಳಲ್ಲಿದ್ದದ್ದು ಮಣೆ, ಚಾಪೆ, ಜಗಲಿ. ಶಾನುಭೋಗರು ಕಡತ ಬರೆಯುತ್ತಿದ್ದುದು ನೆಲದ ಮೇಲೆ ಕುಳಿತು, ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು. ಹಾಗಾದರೆ ದೀರ್ಘಕಾಲ ಕುಳಿತು ಕೆಲಸ ಮಾಡುವುದು ನಮಗೆ ಹೊಸದೇ? ಖಂಡಿತ ಅಲ್ಲ. ಇದಕ್ಕೆ ಕೊಳ್ಳೇಗಾಲಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ.

ಕೊಳ್ಳೇಗಾಲದ ರೇಷ್ಮೆ ಸೀರೆಯ ಹೆಸರನ್ನು ಕೇಳದವರಿಲ್ಲ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಊರಿನ ನೇಕಾರರ ಬೀದಿಗಳಲ್ಲಿ ತಲೆಮಾರುಗಳಿಂದ ಮಗ್ಗದ ಸದ್ದು ಕೇಳುತ್ತ ಬಂದಿದೆ. ಕೈಮಗ್ಗಗಳು ಈಗ ಕಡಿಮೆಯಾಗಿರಬಹುದು. ಆದರೆ ಕುಣಿಮಗ್ಗದಲ್ಲಿ ನೇಕಾರ ಕೂರುವ ಬಗೆಯನ್ನು ನೋಡಿದರೆ ಕುರ್ಚಿಯ ಶಾಸ್ತ್ರದ ಅರ್ಧ ಪಾಠ ಅಲ್ಲಿಯೇ ದೊರೆಯುತ್ತದೆ. ನೆಲದಲ್ಲಿ ಒಂದು ಕುಣಿ. ಅದರ ಅಂಚಿನಲ್ಲಿ ಹಲಗೆಯೋ ಮಡಿಸಿದ ಗೋಣಿಯೋ ಹಾಕಿಕೊಂಡು ನೇಕಾರ ಕೂರುತ್ತಾನೆ. ಕಾಲುಗಳು ಕುಣಿಯೊಳಗೆ ಇಳಿದು ತುಳಿಹಲಗೆಗಳನ್ನು ಒತ್ತುತ್ತವೆ. ಒಂದು ಕೈ ಲಾಳಿಯ ಹಗ್ಗ ಎಳೆಯುತ್ತದೆ, ಇನ್ನೊಂದು ಕೈ ಹಣಿಗೆಯನ್ನು ಬಡಿಯುತ್ತದೆ. ಕಣ್ಣು ಕೂದಲೆಳೆಯಂಥ ರೇಷ್ಮೆಯ ಮೇಲೆ. ಕುಣಿಯ ಅಂಚಿನಿಂದ ತೊಡೆಗಳು ಕೊಂಚ ಕೆಳಮುಖವಾಗಿ ಇಳಿಯುವುದರಿಂದ ಸೊಂಟಕ್ಕೆ ಅಷ್ಟು ಮಟ್ಟಿಗೆ ಅನುಕೂಲವೇ. ಕಾಲುಗಳೂ ಆಡುತ್ತಲೇ ಇರುತ್ತವೆ. ತೊಂದರೆಯೆಲ್ಲ ಮೇಲ್ಭಾಗದ್ದು: ಬೆನ್ನಿಗೆ ಒರಗು ಎಂಬುದೇ ಇಲ್ಲ, ದೇಹ ಗಂಟೆಗಟ್ಟಲೆ ಮುಂದಕ್ಕೆ ಬಾಗಿರುತ್ತದೆ, ತೋಳುಗಳು ಸದಾ ಮುಂದೆ ಚಾಚಿರುತ್ತವೆ. ನೇಕಾರರಲ್ಲಿ ಸೊಂಟನೋವು, ಕುತ್ತಿಗೆನೋವು, ಭುಜದ ಸೆಳೆತ ಸಾಮಾನ್ಯವಾದ ದೂರುಗಳು. ಬೆನ್ನು ಕೈಕೊಟ್ಟರೆ ಅವರ ಮನೆಯ ಒಲೆ ಉರಿಯುವುದೇ ಕಷ್ಟ ಎಂಬುದನ್ನು ನೆನಪಿಡಬೇಕು.

ಇದು ಹೊಸ ಅರಿವೂ ಅಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜಿನಿ 1700ರಲ್ಲಿಯೇ ಕಸುಬುದಾರರ ಕಾಯಿಲೆಗಳನ್ನು ಕುರಿತು ಒಂದು ಗ್ರಂಥ ಬರೆದ. ದರ್ಜಿಗಳು, ಚಮ್ಮಾರರು ಅದರಲ್ಲಿದ್ದಾರೆ. 1713ರ ಆವೃತ್ತಿಯಲ್ಲಿ ನೇಕಾರರೂ ಗುಮಾಸ್ತರೂ ಸೇರಿಕೊಂಡರು. ಎಡೆಬಿಡದೆ ಕೂರುವುದು, ಕೈಯ ಒಂದೇ ಬಗೆಯ ಚಲನೆ, ತಪ್ಪಾಗಬಾರದೆಂಬ ಮನಸ್ಸಿನ ಒತ್ತಡ, ಈ ಮೂರರಿಂದ ಗುಮಾಸ್ತ ನರಳುತ್ತಾನೆ ಎಂದು ಅವನು ಬರೆದ. ಮುನ್ನೂರು ವರ್ಷಗಳ ಮೇಲೂ ಪಂಚಾಯಿತಿ ಕಚೇರಿಯ ಡೇಟಾ ಎಂಟ್ರಿ ಆಪರೇಟರ್‌ಗೆ ಈ ಮಾತು ಹಾಗೆಯೇ ಒಪ್ಪುತ್ತದೆ.

ಬೆನ್ನಿನೊಳಗೆ ನಡೆಯುವುದೇನು?

ನಮ್ಮ ಬೆನ್ನೆಲುಬು ನೆಟ್ಟನೆಯ ಕೋಲಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5 ಮಣಿಗಳಿದ್ದು, ಕುತ್ತಿಗೆ ಮತ್ತು ಸೊಂಟದ ಭಾಗಗಳು ಒಳಕ್ಕೆ ಬಾಗಿರುತ್ತವೆ. ಮಣಿಗಳ ನಡುವೆ ಮೆತ್ತೆಯಂಥ ಬಿಲ್ಲೆಗಳಿವೆ. ನಿಂತಾಗ ಸೊಂಟದ ಬಾಗು ಸರಿಯಾಗಿರುತ್ತದೆ. ಕುಳಿತಾಗ ತೊಡೆಯನ್ನು 90 ಡಿಗ್ರಿ ಮೇಲಕ್ಕೆ ಮಡಿಸುತ್ತೇವೆ. ಈ ಮಡಿಕೆ ಪೂರ್ತಿಯಾಗಿ ತೊಡೆಸಂದಿನಲ್ಲಿ ಆಗುವುದಿಲ್ಲ. ತೊಡೆಯ ಹಿಂಭಾಗದ ಸ್ನಾಯುಗಳು ಜಗ್ಗುವುದರಿಂದ ಕಟಿಯ ಎಲುಬು ಹಿಂದಕ್ಕೆ ಉರುಳಿ, ಸೊಂಟದ ಬಾಗು ಚಪ್ಪಟೆಯಾಗುತ್ತದೆ. ಆಗ ಬಿಲ್ಲೆಗಳ ಮುಂಭಾಗ ಹೆಚ್ಚು ಅದುಮಲ್ಪಡುತ್ತದೆ.

ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್‌ಸನ್ 1960 ಮತ್ತು 70ರ ದಶಕಗಳಲ್ಲಿ ಸ್ವಯಂಸೇವಕರ ಸೊಂಟದ ಬಿಲ್ಲೆಯೊಳಕ್ಕೆ ಸೂಜಿ ಇಳಿಸಿ ಒತ್ತಡವನ್ನೇ ಅಳೆದರು. ನಿಂತಾಗಿನ ಒತ್ತಡವನ್ನು 100 ಎಂದು ಇಟ್ಟುಕೊಂಡರೆ, ಒರಗಿಲ್ಲದೆ ಕುಳಿತಾಗ 140, ಕುಳಿತು ಮುಂದೆ ಬಾಗಿದಾಗ 185 ಎಂದು ಅವರ ಲೆಕ್ಕ. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಹೊಸ ಸಾಧನದಿಂದ ಒಬ್ಬ ವ್ಯಕ್ತಿಯಲ್ಲಿ ಮತ್ತೆ ಅಳೆದಾಗ, ಸಡಿಲವಾಗಿ ಕುಳಿತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚೇನೂ ಕಾಣಲಿಲ್ಲ. ಹಾಗಾಗಿ ‘ಕೂರುವುದೇ ಅಪಾಯ’ ಎಂಬ ಜಾಹೀರಾತಿನ ಮಾತನ್ನು ನಂಬಬೇಕಿಲ್ಲ. ಮುಂದಕ್ಕೆ ಬಾಗಿ ಕುಳಿತಾಗ ಒತ್ತಡ ಏರುತ್ತದೆ ಎಂಬುದರಲ್ಲಿ ಮಾತ್ರ ಇಬ್ಬರ ಅಳತೆಗೂ ಭಿನ್ನಾಭಿಪ್ರಾಯವಿಲ್ಲ. ಹಿಂದಕ್ಕೆ ಒರಗಿದರೆ ಮೈಭಾರದ ಒಂದು ಪಾಲನ್ನು ಒರಗು ಹೊರುತ್ತದೆ.

ಇನ್ನೊಂದು ಸಂಗತಿಯಿದೆ. ದೊಡ್ಡವರ ಬಿಲ್ಲೆಗಳ ಒಳಭಾಗಕ್ಕೆ ರಕ್ತನಾಳಗಳು ಹೋಗುವುದಿಲ್ಲ. ಸುತ್ತಲಿನ ದ್ರವದಿಂದ ಪೋಷಕಾಂಶ ಒಳಗೆ ಇಂಗಬೇಕು. ಅದಕ್ಕೆ ಮೈ ಆಡುತ್ತಿರಬೇಕು. ಎಷ್ಟೇ ಬೆಲೆಯ ಕುರ್ಚಿಯಾದರೂ ಅದರಲ್ಲಿ ಮೂರು ಗಂಟೆ ಅಲುಗಾಡದೆ ಕುಳಿತರೆ ನೋವು ಬಂದೇ ಬರುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಒಂದು ಲೋಟ ನೀರು ಕುಡಿದು ಬರುವವನಿಗೆ ಸಾಧಾರಣ ಕುರ್ಚಿಯೂ ಸಾಕಾಗಬಹುದು.

ಏಳಲು ಸಾಧ್ಯವೇ ಇಲ್ಲದ ಕಸುಬೂ ಇದೆಯಲ್ಲ! ಹನೂರಿನಿಂದ ತಾಳುಬೆಟ್ಟ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಬಸ್ಸು ಓಡಿಸುವ ಚಾಲಕ ತಿರುವಿನ ನಡುವೆ ಎದ್ದು ಮೈಮುರಿಯುವಂತಿಲ್ಲ. ಅವನಿಗೆ ಕೂತಿರುವುದರ ಜೊತೆಗೆ ಗಾಡಿಯ ನಡುಕವೂ ಸೇರುತ್ತದೆ. ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಆಗುವ ನಡುಕ ಬೆನ್ನೆಲುಬಿಗೆ ಅತಿ ಹೆಚ್ಚು ತಾಕುತ್ತದೆ. ಆದ್ದರಿಂದಲೇ ಚಾಲಕನ ಆಸನದ ಕೆಳಗೆ ಸ್ಪ್ರಿಂಗ್ ಅಥವಾ ಗಾಳಿಯ ಮೆತ್ತೆ ಇರಬೇಕೆನ್ನುವುದು. ಅದು ಬೇರೆಯೇ ವಿಷಯ. ನಾವು ಕಚೇರಿಯ ಕುರ್ಚಿಗೆ ಬರೋಣ.

ಅಳತೆ ಮೊದಲು, ಅಂದ ಆಮೇಲೆ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಒಂದು ಟೇಪು ಹಿಡಿಯಿರಿ. ಚಪ್ಪಲಿ ಹಾಕಿಕೊಂಡು ಕುಳಿತು, ಮಂಡಿಯ ಹಿಂಭಾಗದ ಗುಳಿಯಿಂದ ನೆಲದವರೆಗೆ ಅಳೆಯಿರಿ. ನಿಮಗೆ ಬೇಕಾದ ಕುರ್ಚಿಯ ಎತ್ತರ ಅದೇ. ಸಾಮಾನ್ಯವಾಗಿ ಇದು ನಮ್ಮ ಎತ್ತರದ ಕಾಲುಭಾಗದಷ್ಟಿರುತ್ತದೆ. 155 ಸೆಂಟಿಮೀಟರ್ ಎತ್ತರದ ಹುಡುಗಿಗೆ ಸುಮಾರು 40 ಸೆಂ.ಮೀ. ಆದರೆ ಮಾರುಕಟ್ಟೆಯ ಎಷ್ಟೋ ಕುರ್ಚಿಗಳು 43ರಿಂದ 45 ಸೆಂ.ಮೀ. ಇರುತ್ತವೆ. ಅವಳ ಕಾಲು ನೆಲ ಮುಟ್ಟದೆ ತೂಗಾಡುತ್ತದೆ, ಕುರ್ಚಿಯ ಅಂಚು ತೊಡೆಯ ಅಡಿಭಾಗವನ್ನು ಒತ್ತಿ ಪಾದ ಜೋಮು ಹಿಡಿಯುತ್ತದೆ. ಹೊರದೇಶದವರ ಮೈಕಟ್ಟಿನ ಅಳತೆಗಳನ್ನೇ ನಾವು ಬಹುಕಾಲ ನೆಚ್ಚಿಕೊಂಡಿದ್ದೆವು. ಭಾರತೀಯರ ದೇಹದ ಅಳತೆಗಳನ್ನು ವಿನ್ಯಾಸಕಾರರಿಗಾಗಿ ಒಟ್ಟುಗೂಡಿಸಿದ ದೇಬ್‌ಕುಮಾರ್ ಚಕ್ರವರ್ತಿಯವರ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಪ್ರಕಟಿಸಿದ್ದು 1997ರಲ್ಲಿ.

ಕುರ್ಚಿ ಮಾತ್ರ ತಗ್ಗಿಸಿದರೆ ಸಾಲದು, ಮೇಜು ಇದೆ. ನಮ್ಮ ಸಾಮಾನ್ಯ ಮೇಜಿನ ಎತ್ತರ 75 ಸೆಂ.ಮೀ. ಅದೇ ಹುಡುಗಿ 40 ಸೆಂ.ಮೀ. ಕುರ್ಚಿಯ ಮೇಲೆ ಕುಳಿತರೆ, ಆಸನದಿಂದ ಮೊಣಕೈಗೆ ಅಂದಾಜು 21 ಸೆಂ.ಮೀ. ಸೇರಿಸಿ, ಅವಳ ಮೊಣಕೈ ನೆಲದಿಂದ 61 ಸೆಂ.ಮೀ. ಎತ್ತರದಲ್ಲಿರುತ್ತದೆ. ಮೇಜು ಅದಕ್ಕಿಂತ 14 ಸೆಂ.ಮೀ. ಮೇಲೆ! ಭುಜ ಎತ್ತಿಕೊಂಡೇ ಬರೆಯಬೇಕು. ಸಂಜೆಯ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುವುದರಲ್ಲಿ ಆಶ್ಚರ್ಯವೇನು? ಎತ್ತರ ಏರಿಸಬಹುದಾದ ಕುರ್ಚಿಯಿದ್ದರೆ ಅದನ್ನು 52 ಸೆಂ.ಮೀ.ಗೆ ಏರಿಸಿ, ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ಮೇಲೊಂದು ಹಲಗೆ ಹಾಕಿ ಕಾಲಿಡಬಹುದು. ಸ್ಥಿರ ಎತ್ತರದ ಪ್ಲಾಸ್ಟಿಕ್ ಕುರ್ಚಿಯೇ ಗತಿಯಾದರೆ ಇನ್ನೂ ಸುಲಭ ದಾರಿಯಿದೆ: ಬಡಗಿಯನ್ನು ಕರೆಸಿ ಹಳೆಯ ಮರದ ಮೇಜಿನ ಕಾಲುಗಳನ್ನು ಎಂಟು ಸೆಂ.ಮೀ. ಕತ್ತರಿಸಿಸುವುದು. ಹೊಸ ಕುರ್ಚಿಯ ಬೆಲೆಯ ಮುಂದೆ ಬಡಗಿಯ ಕೂಲಿ ಏನೇನೂ ಅಲ್ಲ. ಮೇಜು ಅಕ್ಕನಿಗೂ ತಮ್ಮನಿಗೂ ಒಂದೇ ಆಗಿದ್ದರೆ ಕತ್ತರಿಸುವ ಮೊದಲು ಇಬ್ಬರೂ ಅಳೆದು ನೋಡುವುದು ಮೇಲು.

ಆಸನದ ಉದ್ದವನ್ನು ಬಹಳ ಜನ ಗಮನಿಸುವುದೇ ಇಲ್ಲ. ಬೆನ್ನು ಒರಗಿಗೆ ತಾಗುವಂತೆ ಪೂರ್ತಿ ಹಿಂದೆ ಕುಳಿತಾಗ, ಆಸನದ ಮುಂದಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಮೂರು ಬೆರಳು ಹಿಡಿಸಬೇಕು. ಹಿಡಿಸದಿದ್ದರೆ ನೀವು ಮುಂದೆ ಜರುಗಿ ಕೂರುತ್ತೀರಿ, ಒರಗು ಇದ್ದೂ ಇಲ್ಲದಂತಾಗುತ್ತದೆ. ಹಳೆಯ ಸರಕಾರಿ ಕಚೇರಿಗಳ ಬೆತ್ತದ ಕುರ್ಚಿಯ ದೋಷವೇ ಇದು. ಉಳಿದಂತೆ ಅದು ನಮ್ಮ ಹವೆಗೆ ಹೇಳಿ ಮಾಡಿಸಿದ್ದು. ಬೇಸಗೆಯಲ್ಲಿ ರೆಕ್ಸಿನ್ ಹೊದಿಕೆಯ ಕುರ್ಚಿಯಲ್ಲಿ ಬೆವರಿ ಅಂಟಿಕೊಳ್ಳುವವರು ಬೆತ್ತದ ಕಣ್ಣುಗಳ ನಡುವೆ ಗಾಳಿಯಾಡುವ ಸುಖವನ್ನು ಬಲ್ಲರು. ಈಗಿನ ಜಾಲರಿ ಬೆನ್ನಿನ ಕುರ್ಚಿ ಅದೇ ಉಪಾಯವನ್ನು ನೈಲಾನಿನಲ್ಲಿ ಮಾಡಿದೆ, ಅಷ್ಟೆ. ಅಧಿಕಾರಿಗಳ ಕುರ್ಚಿಯ ಒರಗಿಗೆ ಬಿಳಿಯ ಟವೆಲ್ ಹೊದಿಸುವ ಪದ್ಧತಿ ನಮ್ಮಲ್ಲಿದೆ. ಅದರಿಂದ ದರ್ಜೆ ತಿಳಿಯಬಹುದೇ ಹೊರತು ಬೆನ್ನಿಗೆ ಲಾಭವಿಲ್ಲ. ಅದೇ ಟವೆಲನ್ನು ಸುರುಳಿ ಸುತ್ತಿ ಸೊಂಟದ ಬಾಗಿಗೆ, ಬೆಲ್ಟು ಕಟ್ಟುವ ಜಾಗಕ್ಕಿಂತ ತುಸು ಮೇಲೆ, ಇಟ್ಟುಕೊಂಡರೆ ಕಾಸು ಖರ್ಚಿಲ್ಲದೆ ಸೊಂಟಕ್ಕೆ ಆಧಾರ ದೊರೆಯುತ್ತದೆ.

ಒರಗು 90 ಡಿಗ್ರಿಯಲ್ಲಿ ಸೆಟೆದು ನಿಂತಿರಬೇಕಿಲ್ಲ. 100ರಿಂದ 110 ಡಿಗ್ರಿಯಷ್ಟು ಹಿಂದೆ ವಾಲಿದ್ದರೆ ಹಿತ. ‘ನೆಟ್ಟಗೆ ಕೂತ್ಕೋ’ ಎಂದು ಮೇಷ್ಟರು ಗದರುವುದರಲ್ಲಿ ಸದುದ್ದೇಶವಿದ್ದರೂ ಶಾಸ್ತ್ರ ಕಡಿಮೆ. ಡೆನ್ಮಾರ್ಕಿನ ವೈದ್ಯ ಎ. ಸಿ. ಮಾಂಡಲ್ 1970ರ ದಶಕದಲ್ಲಿ ಶಾಲಾ ಮಕ್ಕಳ ಕೂರುವಿಕೆಯನ್ನು ಗಮನಿಸಿ, ಮುಂದಕ್ಕೆ ಇಳಿಜಾರಾದ ಆಸನವೂ ಓದುವವರ ಕಡೆಗೆ ವಾಲಿದ ಎತ್ತರದ ಮೇಜೂ ಬೇಕೆಂದು ವಾದಿಸಿದರು. ಬಾಗದೆ ಬರೆಯಲು ಹಲಗೆ ವಾಲಿರಬೇಕೆಂಬುದು ನಮ್ಮ ಶಾನುಭೋಗರ ಪೆಟ್ಟಿಗೆಗೆ ಹೊಸದೇನಲ್ಲ! ಪುಸ್ತಕವನ್ನು ವ್ಯಾಸಪೀಠದ ಮೇಲಿಟ್ಟು ಓದಿದರೆ ನಾಲ್ಕೈದು ಕಿಲೋ ತೂಗುವ ತಲೆಯನ್ನು ಕುತ್ತಿಗೆ ತೂಗುಹಾಕಿಕೊಂಡು ಹೊರಬೇಕಾಗಿಲ್ಲ. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಪರದೆ ಏರಿಸಿ, ಬೇರೆ ಕೀಲಿಮಣೆ ಜೋಡಿಸುವುದೂ ಇದೇ ತತ್ತ್ವ.

ಹನೂರು ತಾಲ್ಲೂಕಿನಲ್ಲಿ ಕುರ್ಚಿಯನ್ನೇ ತಯಾರಿಸುವ ಕಥೆಯೊಂದಿದೆ. ದಕ್ಷಿಣ ಅಮೆರಿಕ ಕಡೆಯಿಂದ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದ ಲಂಟಾನ ಈಗ ಕಾಡನ್ನೆಲ್ಲ ನುಂಗುತ್ತಿದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ನೆರವಿನಿಂದ 2004ರ ಸುಮಾರಿಗೆ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಡ್ಡಿಗಳಿಂದ ಕುರ್ಚಿ, ಮೇಜು, ಬುಟ್ಟಿ ಮಾಡಲು ಕಲಿತರು. ಕಡ್ಡಿಗಳನ್ನು ನೀರಿನಲ್ಲಿ ಕುದಿಸಿ, ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸುತ್ತಾರೆ. ಬೆತ್ತ, ಬಿದಿರುಗಳಿಗೆ ಬದಲಾಗಿ ಬಂದ ವಸ್ತು ಇದು. ಇಂಥ ಕುರ್ಚಿ ಗಾಳಿಯಾಡುತ್ತದೆ, ಹಗುರ. ಆದರೆ ಬಹುಮಟ್ಟಿಗೆ ಪಡಸಾಲೆಯ ವಿಶ್ರಾಂತಿಗೆ ತಕ್ಕ ಆಕಾರದ್ದು, ಎಂಟು ಗಂಟೆ ಟೈಪು ಮಾಡಲಿಕ್ಕಲ್ಲ ಎಂದೇ ನನ್ನ ಅಭಿಪ್ರಾಯ. ಕೈಯಿಂದ ಮಾಡುವ ವಸ್ತುವಿನ ಒಂದು ಅನುಕೂಲವನ್ನು ಮಾತ್ರ ಮರೆಯಬಾರದು. ನಮ್ಮ ಮಂಡಿಯ ಅಳತೆ ಕೊಟ್ಟು ಅದಕ್ಕೆ ತಕ್ಕಂತೆ ಮಾಡಿಕೊಡಿ ಎಂದು ಕೇಳಬಹುದು. ಕಾರ್ಖಾನೆಯ ಪ್ಲಾಸ್ಟಿಕ್ ಅಚ್ಚಿಗೆ ಆ ಮಾತು ಹೇಳಲಾಗದು.

ತಿರುಗುವ ಕುರ್ಚಿಯನ್ನೇ ಕೊಳ್ಳುವುದಾದರೆ, ಕೆಳಗೆ ಐದು ಕಾಲಿನ ಬುಡ ಇರಲಿ. ನಾಲ್ಕು ಕಾಲಿನದು ಪಕ್ಕಕ್ಕೆ ವಾಲಿದಾಗ ಬೇಗ ಮಗುಚುತ್ತದೆ. ನಡುವಿನ ಕೊಳವೆಯೊಳಗೆ ಒತ್ತಡದಲ್ಲಿ ತುಂಬಿದ ಸಾರಜನಕವಿರುತ್ತದೆ. ಸನ್ನೆ ಎತ್ತಿದಾಗ ಒಳಗಿನ ಕವಾಟ ತೆರೆದು, ನೀವು ಕುಳಿತಿದ್ದರೆ ಕುರ್ಚಿ ಇಳಿಯುತ್ತದೆ, ಎದ್ದರೆ ಏರುತ್ತದೆ. ಈ ಕೊಳವೆಯನ್ನು ಬಿಚ್ಚಲು, ಕಾಯಿಸಲು, ಬಡಿಯಲು ಹೋಗಬಾರದು. ಕೈಯೊರಗುಗಳು ಮೇಜಿನಡಿ ಹೋಗದಷ್ಟು ಎತ್ತರವಿದ್ದರೆ ಅವು ಇಲ್ಲದಿರುವುದೇ ಮೇಲು. ಮೆತ್ತೆ ಬೆರಳಿಂದ ಒತ್ತಿ ನೋಡಿದರೆ ಏನೂ ತಿಳಿಯದು. ಅಂಗಡಿಯಲ್ಲಿ ಹದಿನೈದು ನಿಮಿಷ ಕುಳಿತೇ ಇರಿ. ಪೃಷ್ಠದ ಎರಡು ಎಲುಬುಗಳು ಕೆಳಗಿನ ಹಲಗೆಗೆ ತಾಗಿದಂತೆ ಅನ್ನಿಸಿದರೆ ಆ ಮೆತ್ತೆ ಒಂದು ವರ್ಷವೂ ಬಾಳುವುದಿಲ್ಲ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ದುಡ್ಡು ನಿಮ್ಮದು. ರಸೀದಿಯ ಮೇಲೆ ಕೊಳವೆಗೂ ಚಕ್ರಗಳಿಗೂ ಎಷ್ಟು ವರ್ಷದ ಖಾತರಿ ಎಂಬುದನ್ನು ಬರೆಸಿಕೊಳ್ಳಿ, ಮೊದಲು ಕೆಡುವುದು ಅವೇ.