ಬಿಕಾಂ ತರಗತಿಗೆ ನೆಲದ ಪಾಠ ಬಂದ ದಾರಿ

1991ರ ನವೆಂಬರ್ 22. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಂಗನಾಥ ಮಿಶ್ರ ಅವರ ನಿವೃತ್ತಿಗೆ ಎರಡೇ ದಿನ ಉಳಿದಿತ್ತು. ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಅವರ ಪೀಠ ಅಂದು ಆದೇಶ ಕೊಟ್ಟಿತು. ಸಿನಿಮಾ ಮಂದಿರಗಳು ಪರಿಸರದ ಸ್ಲೈಡುಗಳನ್ನು ಪುಕ್ಕಟೆ ತೋರಿಸಬೇಕು, ಆಕಾಶವಾಣಿ, ದೂರದರ್ಶನಗಳು ಕಾರ್ಯಕ್ರಮ ಬಿತ್ತರಿಸಬೇಕು, ಶಾಲೆ ಕಾಲೇಜುಗಳಲ್ಲಿ ಪರಿಸರ ಕಡ್ಡಾಯ ವಿಷಯವಾಗಬೇಕು. ವಿಜ್ಞಾನ ಓದದ ಪದವಿ ವಿದ್ಯಾರ್ಥಿಯ ಕೈಗೂ ಮಣ್ಣು, ನೀರು, ಕಲ್ಲುಗಳ ಪಠ್ಯ ಬಂದದ್ದು ಈ ಆದೇಶದ ಬೆನ್ನಿಗೆ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇಂಥ ಕೋರ್ಸು ಬಹಳ ಹಿಂದಿನಿಂದಲೂ ಇದೆ. ಅಲ್ಲಿ ಹೆಚ್ಚಿನ ಕಡೆ ಸಾಹಿತ್ಯ ಓದುವವನೂ ಒಂದೆರಡು ವಿಜ್ಞಾನದ ಕೋರ್ಸು ಮುಗಿಸಲೇಬೇಕು. ಗಣಿತಕ್ಕೆ ಹೆದರುವ ಎಷ್ಟೋ ಮಂದಿ ಆರಿಸಿಕೊಳ್ಳುವುದು ಭೂವಿಜ್ಞಾನವನ್ನು. ನಮ್ಮಲ್ಲಿ ಹಾಗಿರಲಿಲ್ಲ. ಪಿಯುಸಿಯಲ್ಲಿ ಒಮ್ಮೆ ಕಲೆ, ವಾಣಿಜ್ಯ ಎಂದು ಬರೆದುಕೊಟ್ಟರೆ ವಿಜ್ಞಾನದ ಬಾಗಿಲು ಮುಚ್ಚಿದಂತೆಯೇ ಆಗಿತ್ತು. ಅದನ್ನು ತುಸುವಾದರೂ ತೆರೆಯಲು ಕೋರ್ಟೇ ಬರಬೇಕಾಯಿತು.

ಆದೇಶ ಬಂದರೂ ಹತ್ತು ವರ್ಷಕ್ಕೂ ಮಿಕ್ಕಿ ಹೆಚ್ಚೇನೂ ನಡೆಯಲಿಲ್ಲ. ಮೆಹ್ತಾ ಮತ್ತೆ ಕೋರ್ಟಿಗೆ ಹೋದರು. 2003ರಲ್ಲಿ ಕೋರ್ಟು ಬಿಗಿಯಾಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ನೇಮಿಸಿದ ಸಮಿತಿಯ ಮುಂದಾಳು ಪುಣೆಯ ಏರಚ್ ಭರೂಚಾ, ವೃತ್ತಿಯಿಂದ ಶಸ್ತ್ರವೈದ್ಯರು. ಆರು ತಿಂಗಳ ಪಠ್ಯವೊಂದು ಸಿದ್ಧವಾಯಿತು. ಎಂಟು ಘಟಕ, ಐವತ್ತು ತರಗತಿ. ನೈಸರ್ಗಿಕ ಸಂಪನ್ಮೂಲಕ್ಕೆ ಎಂಟು ತರಗತಿ. ಖನಿಜ, ಮಣ್ಣಿನ ಸವಕಳಿ, ಮನುಷ್ಯನಿಂದಾಗುವ ಭೂಕುಸಿತ ಅದರೊಳಗೆ. ಪ್ರವಾಹ, ಭೂಕಂಪಗಳು ಮಾಲಿನ್ಯದ ಘಟಕದ ಕೊನೆಯಲ್ಲಿ. ಎಂಟನೆಯ ಘಟಕ ಮಾತ್ರ ಬೇರೆ ಜಾತಿಯದು. ಊರಿನ ನದಿ, ಕಾಡು, ಗುಡ್ಡ ನೋಡಿ ದಾಖಲಿಸುವುದು, ಮಲಿನವಾದ ಒಂದು ಜಾಗಕ್ಕೆ ಹೋಗಿಬರುವುದು. ಅದಕ್ಕೆ ಐದು ತರಗತಿಯ ಹೊತ್ತು.

ಬಹಳಷ್ಟು ಕಾಲೇಜುಗಳಲ್ಲಿ ಈ ಪಠ್ಯ ನೋಟ್ಸಿಗೆ ಇಳಿಯಿತು. ವ್ಯಾಖ್ಯೆ ಬರೆಯಿರಿ, ಕಾರಣ ಪಟ್ಟಿ ಮಾಡಿ, ಪಾಸಾಗಿ. ಐದು ತರಗತಿಯ ಹೊರಸಂಚಾರ ಹೆಚ್ಚಿನ ಕಡೆ ಒಂದು ಅಸೈನ್‌ಮೆಂಟ್ ಆಗಿ ಮುಗಿಯಿತು. ನನಗೆ ಸಂಕಟವಾಗುವುದು ಇಲ್ಲಿ. ಆ ಐದು ತರಗತಿಗೆ ಕಾಸರಗೋಡಿನಷ್ಟು ಹೇಳಿ ಮಾಡಿಸಿದ ನೆಲ ಬೇರೆ ಸಿಗುವುದು ಕಷ್ಟ.

1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡದ ತಾಲೂಕು. ಕೇರಳಕ್ಕೆ ಸೇರಿದ ಮರುವರ್ಷ, 1957ರಲ್ಲಿ, ಇಲ್ಲಿ ಸರಕಾರಿ ಕಾಲೇಜು ಆರಂಭವಾಯಿತು. ವಿದ್ಯಾನಗರದ ಆ ಕಾಲೇಜಿನಲ್ಲಿ ಇಂದು ಕನ್ನಡ ವಿಭಾಗವೂ ಇದೆ, ಭೂವಿಜ್ಞಾನ ವಿಭಾಗವೂ ಇದೆ. ಒಂದೇ ಆವರಣದಲ್ಲಿ ಈ ಎರಡೂ ಇರುವುದು ದೊಡ್ಡ ಭಾಗ್ಯ ಎಂದೇ ನನ್ನ ಎಣಿಕೆ.

ಗಡಿಯ ಆಚೆ, ಪುತ್ತೂರಿನಲ್ಲಿ, ವಿಜ್ಞಾನ ಓದದವರಿಗೆ ವಿಜ್ಞಾನ ಹೇಳುವ ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. ಗಾಂಧಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟಿದ್ದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಬರೆದರು. ಆಮೇಲೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ಪದವಿ ಇಲ್ಲದ ಒಬ್ಬರು ಪರೀಕ್ಷೆಯ ಹಂಗಿಲ್ಲದ ಓದುಗನಿಗೆ ಬರೆದ ಪಠ್ಯ ಅದು. ಯುಜಿಸಿ ಸಮಿತಿ 2004ರಲ್ಲಿ ಇಂಗ್ಲಿಷಿನಲ್ಲಿ ಮಾಡಿದ್ದರ ಮೊದಲ ಹೆಜ್ಜೆಯನ್ನು ಕನ್ನಡ ಎಂದೋ ಇಟ್ಟಿತ್ತು.

ಇನ್ನು ನೆಲಕ್ಕೆ ಬರೋಣ. ಶ್ರೀರಂಗಪಟ್ಟಣ ಬಿದ್ದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು, ಮಲಬಾರು, ಕೆನರಾಗಳನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್, ಇಂದಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಮುರಕಲ್ಲನ್ನು ಕಂಡು ಬೆರಗಾದ. ನೆಲದೊಳಗಿದ್ದಾಗ ಕತ್ತಿಯಲ್ಲಿ ಕಡಿಯುವಷ್ಟು ಮೆತ್ತಗೆ. ಹೊರಗೆ ತೆಗೆದು ಗಾಳಿಗಿಟ್ಟರೆ ಇಟ್ಟಿಗೆಯಷ್ಟು ಗಟ್ಟಿ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಿಂದ ಈ ಕಲ್ಲಿಗೆ ಜಗತ್ತಿನ ಭೂವಿಜ್ಞಾನದಲ್ಲಿ ಲ್ಯಾಟರೈಟ್ ಎಂಬ ಹೆಸರು ನಿಂತಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅಂಗಾಡಿಪುರದಲ್ಲಿ 1979ರಲ್ಲಿ ಸ್ಮಾರಕವನ್ನೂ ನಿಲ್ಲಿಸಿತು. ಬುಕಾನನ್ ಬರುವ ಒಂದೂವರೆ ಶತಮಾನ ಮೊದಲೇ ಕೆಳದಿಯ ನಾಯಕರು ಅದೇ ಕಲ್ಲನ್ನು ಕಡಿದು ಬೇಕಲದ ಕೋಟೆ ಎಬ್ಬಿಸಿದ್ದರು.

ಮುರಕಲ್ಲು ಮಳೆ ಮಾಡಿದ ಕಲ್ಲು. ಲಕ್ಷಾಂತರ ವರ್ಷಗಳ ಬಿಸಿಲು ಮಳೆಗೆ ಮೂಲಬಂಡೆಯ ಸಿಲಿಕಾ, ಸುಣ್ಣ, ಸೋಡಿಯಂಗಳು ಕರಗಿ ತೊಳೆದುಹೋಗುತ್ತವೆ. ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿದು ಗಟ್ಟಿಯಾಗುತ್ತವೆ. ಮೇಲೆ ಬಿರುಸಾದ ಪಾದೆ, ಅದರ ಕೆಳಗೆ ತೂತುತೂತಿನ ಕಲ್ಲು, ಇನ್ನೂ ಕೆಳಗೆ ಬಿಳಿ ಛಾಯೆಯ ಶೇಡಿಮಣ್ಣು, ಎಲ್ಲಕ್ಕಿಂತ ಅಡಿಯಲ್ಲಿ ಹಳೆಯ ಬಂಡೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಕೇರಳದ 44 ನದಿಗಳಲ್ಲಿ 12 ಇಲ್ಲಿಯವು. ಆದರೂ ಬೇಸಗೆಯಲ್ಲಿ ನೀರಿಗೆ ಬರ. ಅಂತರ್ಜಲದ ಮೌಲ್ಯಮಾಪನಗಳಲ್ಲಿ ಕೇರಳದ ಗಂಭೀರ ಸ್ಥಿತಿಯ ಕೆಲವೇ ಬ್ಲಾಕುಗಳ ಸಾಲಿನಲ್ಲಿ ಕಾಸರಗೋಡಿನ ಹೆಸರು ಬಂದಿದೆ. ನೀರು ತೂತುಕಲ್ಲಿನಲ್ಲಿ ಸುಲಭವಾಗಿ ಇಳಿಯುತ್ತದೆ, ಶೇಡಿಮಣ್ಣಿನಲ್ಲಿ ತಡೆದು ಅಡ್ಡಕ್ಕೆ ಸರಿಯುತ್ತದೆ, ಗುಡ್ಡದ ಬುಡದಲ್ಲಿ ಹೊರಬಿದ್ದು ತೋಡು ಸೇರುತ್ತದೆ.

ಆ ಅಡ್ಡ ಹರಿವನ್ನು ಗುಡ್ಡದೊಳಗೇ ಹಿಡಿಯುವ ವಿದ್ಯೆ ಸುರಂಗ. ಬಾಯಾರು, ಪೈವಳಿಕೆ, ಎಣ್ಮಕಜೆ, ಪುತ್ತಿಗೆ ಕಡೆ ತೋಟದ ಮೇಲಿನ ಗುಡ್ಡಕ್ಕೆ ಒಬ್ಬಾಳು ನುಗ್ಗುವಷ್ಟು ಅಗಲಕ್ಕೆ ಪಿಕ್ಕಾಸಿನಲ್ಲಿ ಕೊರೆಯುತ್ತಾರೆ. ಒಳಗೆ ಹೋದಂತೆ ತುಸು ಏರು; ನೀರು ಸಿಕ್ಕರೆ ಪಂಪಿಲ್ಲದೆ ತಾನಾಗಿ ಹೊರಗೆ ಹರಿಯುತ್ತದೆ. ಮೋಂಬತ್ತಿ ಆರಿದರೆ ಉಸಿರಿಗೆ ಗಾಳಿ ಸಾಲದು ಎಂದು ತಿಳಿದು ಹೊರಬರಬೇಕು. ಮೆತ್ತಗಿನ ಮಣ್ಣು ಎದುರಾದರೆ ಕುಸಿತದ ಭಯ. ಗುಡ್ಡದ ಯಾವ ಮೈಗೆ ಕೈಹಾಕಬೇಕು, ಮಣ್ಣಿನ ತೇವ ಏನು ಹೇಳುತ್ತದೆ, ಎಲ್ಲಿ ನಿಲ್ಲಿಸಬೇಕು, ಇವನ್ನೆಲ್ಲ ಬಲ್ಲವರು ಶಾಲೆಯ ಮೆಟ್ಟಿಲು ಹತ್ತಿದವರೇ ಆಗಬೇಕಿರಲಿಲ್ಲ. ಗಡಿಯ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೃಷಿಕೂಲಿ ಮಾಡುತ್ತ, ಹಲವು ಸುರಂಗಗಳಲ್ಲಿ ನೀರು ಸಿಗದೆ ಹೋದರೂ ಬಿಡದೆ ಕೊರೆದು ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬಿಕಾಂ ತರಗತಿಯ ಮುಂದೆ ಅತಿಥಿ ಉಪನ್ಯಾಸಕರಾಗಿ ನಿಲ್ಲಬೇಕಾದವರು ಇಂಥವರು.

ಪಠ್ಯ ಹೇಳುವ ಮಲಿನ ಜಾಗಕ್ಕೂ ದೂರ ಹೋಗಬೇಕಿಲ್ಲ. ಎಣ್ಮಕಜೆಯ ಪಡ್ರೆ, ಸ್ವರ್ಗ ಎಂಬ ಊರುಗಳ ಗುಡ್ಡಗಳ ನೆತ್ತಿಯಲ್ಲಿ ಸರಕಾರಿ ತೋಟಗಾರಿಕಾ ನಿಗಮದ ಗೇರು ಪ್ಲಾಂಟೇಶನ್, ಬುಡದಲ್ಲಿ ಮನೆ, ತೋಟ, ಸುರಂಗ. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರ್ ಎಂಡೋಸಲ್ಫಾನ್ ಕೀಟನಾಶಕ ಸುರಿಸಿತು. ತೂತುಕಲ್ಲಿನ ಗುಡ್ಡದ ಮೇಲೆ ಬಿದ್ದದ್ದು ಎತ್ತ ಇಳಿಯುತ್ತದೆ ಎನ್ನುವುದು ಮೇಲಿನ ಪದರಗಳ ಪಾಠ ಕೇಳಿದವನಿಗೆ ಬಿಡಿಸಿ ಹೇಳಬೇಕಿಲ್ಲ. ವಾಣೀನಗರದ ಪತ್ರಕರ್ತ ಶ್ರೀ ಪಡ್ರೆ, ವೈದ್ಯ ವೈ.ಎಸ್. ಮೋಹನ ಕುಮಾರ್ ಊರಿನ ಕಾಯಿಲೆಗಳನ್ನು ಗಮನಿಸಿ ಹೊರಜಗತ್ತಿಗೆ ಹೇಳುತ್ತ ಬಂದರು. ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನನ್ನು ತಡೆದದ್ದು 2011ರ ಮೇ 13ರಂದು. ಪರಿಸರದ ಪಾಠ ಕಡ್ಡಾಯ ಮಾಡಿ ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ.

2024ರ ಜುಲೈ 1ರಂದು ಕೇರಳದಲ್ಲಿ ನಾಲ್ಕು ವರ್ಷದ ಪದವಿ ಶುರುವಾಯಿತು. ಈಗ ಪ್ರತಿ ವಿದ್ಯಾರ್ಥಿಯೂ ಮೊದಲ ಸೆಮಿಸ್ಟರುಗಳಲ್ಲಿ ತನ್ನ ಮುಖ್ಯ ವಿಷಯದ ಹೊರಗಿನ ಕೋರ್ಸು ಓದಬೇಕು. ಕನ್ನಡ ಬಿಎ ಓದುವವಳು ಭೂವಿಜ್ಞಾನದ ಪ್ರಾಧ್ಯಾಪಕರ ಎದುರು ಕೂರುವುದಕ್ಕೆ ನಿಯಮವೇ ದಾರಿ ಕೊಟ್ಟಿದೆ. ಆ ತರಗತಿಗಳು ತೆರೆದು ತಿಂಗಳಾಗುವ ಮುನ್ನ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿ ಸೇರಿದವು. ಮರುವರ್ಷದ ಜುಲೈಯಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನ ವೀರಮಲ ಗುಡ್ಡ ಹೆದ್ದಾರಿಗೆ ಕುಸಿಯಿತು.

ತಲಪಾಡಿಯಿಂದ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲಿಸಲು ಕಡಿದ ಗುಡ್ಡಗಳಲ್ಲಿ ಪಾದೆ, ಮುರಕಲ್ಲು, ಶೇಡಿಮಣ್ಣು ಮೇಲಿಂದ ಕೆಳಗೆ ಪದರಪದರವಾಗಿ ತೆರೆದುಕೊಂಡಿವೆ. ವಿದ್ಯಾರ್ಥಿಗಳು ದಿನವೂ ಬಸ್ಸಿನ ಕಿಟಕಿಯಿಂದ ಅವನ್ನು ದಾಟಿ ಹೋಗುತ್ತಾರೆ. ಕುಸಿಯದಿರಲೆಂದು ಕೆಲವೆಡೆ ಆ ಕಡಿತಗಳಿಗೆ ಕಬ್ಬಿಣದ ಸರಳು ಹೊಡೆದು ಕಾಂಕ್ರೀಟು ಬಳಿಯಲಾಗಿದೆ. ಉಳಿದವಕ್ಕೂ ಬಳಿಯುವ ಮೊದಲು, ಮಳೆ ನಿಂತ ಒಂದು ಡಿಸೆಂಬರಿನಲ್ಲಿ, ಭೂವಿಜ್ಞಾನ ವಿಭಾಗದವರು ಕನ್ನಡ, ವಾಣಿಜ್ಯ, ಇತಿಹಾಸದ ಮಕ್ಕಳನ್ನು ಕರೆದುಕೊಂಡು ಹೋಗಲಿ. ರಸ್ತೆಯಿಂದ ದೂರ, ಅಪಾಯವಿಲ್ಲದ ಜಾಗದಲ್ಲಿ ನಿಲ್ಲಿಸಿ, ಪ್ರತಿ ಪದರದ ಚಿತ್ರ ಬರೆಸಿ, ಅದರ ಹೆಸರನ್ನು ಕನ್ನಡ, ತುಳು, ಮಲಯಾಳಗಳಲ್ಲಿ ಕೇಳಿ ಬರೆಸಿಕೊಳ್ಳಲಿ. ಅಂಕ ಅದಕ್ಕೇ ಕೊಡಲಿ.